ಕಣ್ಣು ಊದಿದರೆ ಕಾಲು ನೋಡುವ ಡಾಕ್ಟರಮ್ಮ

“ಕಣ್ಣು ಮ್ಯಾಲೈತ್ರೀ ಡಾಕ್ಟ್ರಮ್ಮ!”

ಜಗಳೂರಿನ ಆಸ್ಪತ್ರೆಗೆ ಡಾಕ್ಟರಮ್ಮನನ್ನು ನೋಡಲು ಹೋದಾಗ ಒಬ್ಬ ತಾಯಿ ಹೀಗೆ ಕೂಗಿದ್ದನ್ನು ನಾನೇ ಕೇಳಿದ್ದೇನೆ. ಅವಳ ಮಗನ ಎರಡೂ ರೆಪ್ಪೆ ಊದಿ, ಕಣ್ಣು ಗೆರೆ ಎಳೆದ ಹಾಗಾಗಿದ್ದವು. ಡಾಕ್ಟರಮ್ಮ ಮಾತ್ರ ಕುರ್ಚಿಯಿಂದ ಇಳಿದು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಹುಡುಗನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು.

“ಗೊತ್ತೈತೆ ಕಣವ್ವ. ಕಣ್ಣೇನು ಓಡಿ ಹೋಗಲ್ಲ. ಮೊದ್ಲು ಕಾಲು ನೋಡ್ತೀನಿ ತಡಿ.”

ಆ ತಾಯಿ ನನ್ನ ಕಡೆ ತಿರುಗಿ, “ಇವ್ರು ಕಣ್ಣಿನ ಡಾಕ್ಟ್ರೋ, ಕಾಲಿನ ಡಾಕ್ಟ್ರೋ?” ಎಂದು ಮೆಲ್ಲಗೆ ಕೇಳಿದಳು.

“ಎರಡೂ ಅಲ್ಲವ್ವ, ಪೊಲೀಸ್ನೋರು” ಅಂದೆ. ಪಾಪ, ನಂಬಿಬಿಟ್ಟಳು. ಮಗನನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು.

ಹೋದ ತಿಂಗಳು ಡಾಕ್ಟರಮ್ಮ ತೀರಿಕೊಂಡರು. ಸಂತೇಬೆನ್ನೂರಿನ ನೆಂಟರೊಬ್ಬರು ಫೋನಿಗೆ ಸುದ್ದಿ ಹಾಕಿದ್ದರು. ಅದರ ಕೆಳಗೆ ಎಲ್ಲರೂ ಕೈಮುಗಿದ ಚಿತ್ರ ಒತ್ತಿ ಸುಮ್ಮನಾದರು. ನನಗೆ ಅಷ್ಟಕ್ಕೆ ಬಿಡಲು ಮನಸ್ಸಾಗಲಿಲ್ಲ. ಫೋನಿನಲ್ಲಿ ಅಕ್ಷರ ಎಲ್ಲೆಲ್ಲಿ ಅಡಗಿವೆ ಅಂತ ಈಗಷ್ಟೇ ಕಲಿತಿದ್ದೇನೆ, ಒಂದೊಂದೇ ಹುಡುಕಿ ಒತ್ತುತ್ತಿದ್ದೇನೆ. ಅವರ ಹೆಸರು ನನಗೆ ಚೆನ್ನಾಗಿ ಗೊತ್ತು, ಆದರೆ ಬರೆಯುವುದಿಲ್ಲ. ನಮ್ಮೂರಲ್ಲಿ ಯಾರೂ ಅವರನ್ನು ಹೆಸರಿಟ್ಟು ಕರೆದವರಲ್ಲ. ಹೆಸರು ಬರೆದರೆ ಬೇರೆ ಯಾರೋ ಅನ್ನಿಸುತ್ತದೆ.

ನ್ಯಾಮತಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಹೊನ್ನಾಳಿ ಆಸ್ಪತ್ರೆಯಿಂದ ವರ್ಗವಾಗಿ ಬಂದು ನಮ್ಮ ಎದುರು ಮನೆಗೆ ಬಾಡಿಗೆಗೆ ಸೇರಿದರು. ಗಿಡ್ಡ ಆಳು. ಗಂಡಸರ ವಾಚು ಕಟ್ಟುತ್ತಿದ್ದರು, ಅದೂ ಒಳಮುಖವಾಗಿ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ನಡೆದರೆ ಜೊತೆಗೆ ಹೋಗುವವರು ಓಡಬೇಕಿತ್ತು. ನನ್ನನ್ನು ‘ಅಂಗಡಿ ಅಕ್ಕಾರೆ’ ಎಂದು ಕರೆಯುತ್ತಿದ್ದರು. ಸಂತೇಬೆನ್ನೂರಿನ ಕಡೆಯವರೇ ಆದ್ದರಿಂದ ನಮ್ಮ ಹಾಗೇ ಮಾತು. ಡಾಕ್ಟರಾದವರು ಹೀಗೆ ಮಾತಾಡಬಾರದು ಎಂದು ನಮ್ಮ ಯಜಮಾನರಿಗೆ ಒಳಗೊಳಗೇ ಬೇಜಾರು.

ಮಕ್ಕಳು ಅವರನ್ನು ಕಂಡರೆ ಅಳುತ್ತಿರಲಿಲ್ಲ. ಅದಕ್ಕೆ ಕಾರಣ ಅವರ ಬ್ಯಾಟರಿ. ಅದನ್ನು ಮೊದಲು ಮಗುವಿನ ಕೈಗೇ ಕೊಟ್ಟುಬಿಡುತ್ತಿದ್ದರು. “ತಗಾ, ಮೊದ್ಲು ನನ್ ಕಣ್ಣು ನೀನು ನೋಡು. ಏನೈತೆ ಹೇಳು.” ಮಗು ಅವರ ಮೂಗಿಗೆ ಬ್ಯಾಟರಿ ಬಡಿಯುವ ಹಾಗೆ ಹತ್ತಿರ ಹಿಡಿದು ನೋಡುತ್ತಿತ್ತು. ಒಂದು ಹುಡುಗಿ, “ನಾನಿದೀನಿ ಒಳಗೆ” ಅಂದಿದ್ದಳು. ಅದನ್ನು ಅವರು ಊರಿಗೆಲ್ಲ ಹೇಳಿಕೊಂಡು ತಿರುಗಿದರು.

ಆ ಕಾಲದಲ್ಲಿ ಮಕ್ಕಳ ರೆಪ್ಪೆ ಊದಿದರೆ ನಮ್ಮ ಕಡೆ ಕಾರಣ ರೆಡಿ ಇರುತ್ತಿತ್ತು. ಹಲ್ಲಿ ಓಡಾಡಿದೆ, ಇಲ್ಲ ಜೇಡ ಓಡಾಡಿದೆ, ಇಲ್ಲವೇ ಯಾರದೋ ಕಣ್ಣು ಬಿದ್ದಿದೆ. ಡಾಕ್ಟರಮ್ಮ ಇದ್ಯಾವುದನ್ನೂ ಅಲ್ಲ ಅನ್ನುತ್ತಿರಲಿಲ್ಲ. “ಹಲ್ಲೀನಾ? ನೀವು ನೋಡಿದ್ರಾ? ಯಾವ ಕಡೆಯಿಂದ ಬಂತು?” ಎಂದು ಶುರು ಮಾಡುತ್ತಿದ್ದರು. ಮಗು ಎಲ್ಲಿ ಮಲಗಿತ್ತು, ಯಾವ ಮಗ್ಗುಲು, ಪಕ್ಕದಲ್ಲಿ ಯಾರಿದ್ದರು, ಊದಿದ್ದು ಒಂದು ಕಣ್ಣೋ ಎರಡೋ, ತುರಿಕೆಯೋ ನೋವೋ, ಬೆಳಿಗ್ಗೆ ಜಾಸ್ತಿಯೋ ಸಾಯಂಕಾಲವೋ. ಗೋವಿನಕೋವಿಯ ರೈತರೊಬ್ಬರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, “ನನಗೆ ಹೆಣ್ಣು ಕೊಡಬೇಕಾದ್ರೆ ನಮ್ಮ ಮಾವಾನೂ ಇಷ್ಟು ಕೇಳಿರ್ಲಿಲ್ರೀ” ಅಂದಿದ್ದರು.

“ಅದಕ್ಕೇ ನಿಮಗೆ ಹೆಣ್ಣು ಸಿಕ್ತು” ಎಂದು ಡಾಕ್ಟರಮ್ಮ ಮುಂದಿನ ಪ್ರಶ್ನೆ ಕೇಳಿದರು.

ಆ ರೈತರ ಕೂಸಿಗೆ ಒಂದು ಕಣ್ಣಿನ ರೆಪ್ಪೆ, ಆ ಕಡೆಯ ಕೆನ್ನೆ ಮಾತ್ರ ಊದಿ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದವು. ಮನೆಯವರೆಲ್ಲ ಹಲ್ಲಿಯ ಮೇಲೆ ತಪ್ಪು ಹಾಕಿದರು. ಡಾಕ್ಟರಮ್ಮ ಅವರದೇ ಎತ್ತಿನ ಗಾಡಿ ಹತ್ತಿ ಗೋವಿನಕೋವಿಗೆ ಹೋದರು. ಕೂಸಿನ ತಲೆಯ ಕೆಳಗೆ ಮಡಚಿ ಇಡುತ್ತಿದ್ದ ಪಂಚೆಯನ್ನು ಬಿಡಿಸಿ ನೋಡಿದರೆ ಅದರ ಮೂಲೆಯಲ್ಲಿ ಹೊಸ ಕಪ್ಪು ಗುರುತು. ಬಟ್ಟೆ ಒಗೆಯುವವರು ಯಾವ ಮನೆಯದು ಅಂತ ತಿಳಿಯಲು ಕೇರುಬೀಜದ ರಸದಿಂದ ಹಾಕುವ ಗುರುತು ಅದು. ಆ ರಸ ದೊಡ್ಡವರ ಕೈಯನ್ನೇ ಸುಡುತ್ತದೆ, ಇನ್ನು ಕೂಸಿನ ರೆಪ್ಪೆ ಬಿಟ್ಟೀತೆ? ಪಂಚೆ ತೆಗೆದರು, ಮುಲಾಮು ಕೊಟ್ಟರು, ಊತ ಇಳಿಯಿತು. ವಾಪಸ್ಸು ಬಂದವರು ನಮ್ಮ ಅಂಗಡಿ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಾ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ:

“ರೆಪ್ಪೆ ಅಂದ್ರೆ ಚಾಡಿಕೋರ ಕಣ್ರೀ ಅಂಗಡಿ ಅಕ್ಕಾರೆ. ಈರುಳ್ಳಿ ಪೊರೆ ಹಂಗೆ ತೆಳ್ಳಗಿನ ಚರ್ಮ. ಮೈಯಾಗೆ ಎಲ್ಲಿ ಏನಾದ್ರೂ ಮೊದ್ಲು ಅದೇ ಊದ್ಕೊಂಡು ಬಂದು ನಮಗೆ ಹೇಳ್ತೈತೆ. ಯಾರದ್ದು ತಪ್ಪು ಅಂತ ಮಾತ್ರ ಹೇಳಲ್ಲ. ಅದನ್ನ ನಾವು ಹುಡುಕ್ಬೇಕು.”

ಹುಡುಕುವುದು ಅವರಿಗೆ ಚಟವೇ ಆಗಿತ್ತು. ರೆಪ್ಪೆಯ ಅಂಚಿನಲ್ಲಿ ಕುರು ಎದ್ದ ಮಕ್ಕಳಿಗೆ ಅಜ್ಜಿಯಂದಿರು ಬೆರಳನ್ನು ಅಂಗೈಗೆ ತಿಕ್ಕಿ ಬಿಸಿ ಮಾಡಿ ಒತ್ತುತ್ತಿದ್ದರಲ್ಲ, ಅದನ್ನು ನೋಡಿ, “ಬಿಸಿ ಒಳ್ಳೇದೇ. ಆ ಬೆರಳು ಸಗಣಿ ತಟ್ಟಿದ ಬೆರಳಾ, ತೊಳೆದ ಬೆರಳಾ?” ಎಂದು ಕೇಳಿ, ಬೆಚ್ಚಗಿನ ನೀರಿಗೆ ಶುದ್ಧ ಬಟ್ಟೆ ಅದ್ದಿ ಒತ್ತುವುದನ್ನು ಹೇಳಿಕೊಟ್ಟರು. ಹಿಸುಕಿದರೆ ಕೈ ಮುರಿಯುತ್ತೇನೆ ಎಂದು ಹೆದರಿಸಿದರು. ಊರಲ್ಲಿ ಕಣ್ಣುಬೇನೆ ಬಂದಾಗ ನಮ್ಮ ಅತ್ತೆಯವರ ಕಾಡಿಗೆ ಕರಡಿಗೆಯನ್ನು, “ನೋಡಿ ಕೊಡ್ತೀನಿ ಅಜ್ಜಿ” ಎಂದು ತೆಗೆದುಕೊಂಡು ಹೋದರು. ನಮ್ಮ ಅತ್ತೆ ಅದರಿಂದ ಮನೆಯ ಮಕ್ಕಳಿಗೆ, ಬಂದ ನೆಂಟರ ಮಕ್ಕಳಿಗೆ, ಹಾದಿಯಲ್ಲಿ ಹೋಗುವ ಮಕ್ಕಳಿಗೆ ಎಲ್ಲರಿಗೂ ಒಂದೇ ಬೆರಳಿನಲ್ಲಿ ಕಾಡಿಗೆ ತೀಡುತ್ತಿದ್ದರು. ಆ ಕರಡಿಗೆ ವಾಪಸ್ಸು ಬರಲೇ ಇಲ್ಲ. ಅತ್ತೆ ಕೇಳಿದಾಗಲೆಲ್ಲ, “ಇನ್ನೂ ನೋಡ್ತಾ ಇದೀನಿ” ಅನ್ನುತ್ತಿದ್ದರು.

ಒಂದೇ ಒಂದು ಸಲ ಅವರು ಪ್ರಶ್ನೆ ಕೇಳದೇ ಇದ್ದದ್ದನ್ನು ನೋಡಿದ್ದೇನೆ. ಒಬ್ಬ ಹುಡುಗನ ಒಂದು ಕಣ್ಣು ಕೆಂಪಗೆ ಊದಿ, ಮುಟ್ಟಿದರೆ ಬಿಸಿ, ಮೈಯೆಲ್ಲ ಜ್ವರ, ರೆಪ್ಪೆ ತೆರೆಯಲು ಆಗುತ್ತಿಲ್ಲ. ಅವನ ಅಪ್ಪ ಕಥೆ ಹೇಳಲು ಬಾಯಿ ತೆರೆದರೆ, “ಆಮೇಲೆ ಹೇಳೀರಂತೆ” ಎಂದು ಹುಡುಗನನ್ನು ಎತ್ತಿಕೊಂಡು ರಸ್ತೆಗೆ ಬಂದು, ಶಿವಮೊಗ್ಗದ ಬಸ್ಸಿಗೆ ಅಡ್ಡ ನಿಂತರು. “ಇದು ಕಣ್ಣಿನ ಹಿಂದಕ್ಕೆ ಇಳಿಯೋ ಸೋಂಕು. ಇವತ್ತೇ ಸೂಜಿ ಬೀಳ್ಬೇಕು” ಎಂದು ಕಂಡಕ್ಟರನಿಗೇ ಹೇಳಿದರು, ಅವನೇ ಸೂಜಿ ಹಾಕುವವನ ಹಾಗೆ. ಆ ಹುಡುಗ ಬದುಕಿದ.

ಈಗ ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಡಾಕ್ಟರಮ್ಮ ಕಾಲು ನೋಡಲು ಕಲಿತದ್ದು ಅವಳಿಂದ.

ಗಿರಿಜೆಗೆ ಆಗ ನಾಲ್ಕು ತುಂಬಿತ್ತು. ಹುಟ್ಟಿದಾಗಿನಿಂದ ಕಡ್ಡಿ. ಎಷ್ಟು ತಿನ್ನಿಸಿದರೂ ಎಲ್ಲಿಗೆ ಹೋಗುತ್ತದೋ ತಿಳಿಯುತ್ತಿರಲಿಲ್ಲ. ಅವಳು ನೆಗಡಿ ಮಾಡಿಕೊಂಡು ಚನ್ನಗಿರಿ ಕಡೆಯ ನಲ್ಲೂರಿನ ನನ್ನ ಅಣ್ಣನ ಮನೆಗೆ ಹೋಗಿ, ಕೆಲವು ದಿನ ಇದ್ದು ಬಂದಳು. ಬಂದವಳ ಮುಖ ತುಂಬಿಕೊಂಡಿತ್ತು. ನಮ್ಮ ಅತ್ತೆ ಹಿಗ್ಗಿದ್ದೇ ಹಿಗ್ಗಿದ್ದು.

“ನೋಡ್ದೇನೇ, ಮಾವನ ಮನೆ ಊಟ ಹೆಂಗೆ ಹತ್ತೈತೆ! ಗುಂಡಮ್ಮ ಆಗ್ಯಾಳೆ.”

“ಅಂದ್ರೆ ನನ್ ಅಡುಗೆ ಹತ್ತಲ್ಲ ಅಂತೀರಾ ಅತ್ತೆ?”

“ನಾನೆಲ್ಲಿ ಅಂದೆ? ಮಗು ಕೆನ್ನೆ ಹೇಳ್ತೈತೆ.”

ಓಣಿಯವರೆಲ್ಲ ಬಂದು ಕೆನ್ನೆ ಹಿಂಡಿದರು. ಅತ್ತೆ ದಿನಾ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಆದರೆ ಬೆಳಿಗ್ಗೆ ಎದ್ದಾಗ ಅವಳ ರೆಪ್ಪೆ ಉಬ್ಬಿ ಕಣ್ಣೇ ಕಾಣುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಿತ್ತು. ಕೆಂಪಿಲ್ಲ, ನೋವಿಲ್ಲ, ಪಿಸುರಿಲ್ಲ. ನಾನು ರಸ್ತೆ ದಾಟಿ ಡಾಕ್ಟರಮ್ಮನಿಗೆ ತೋರಿಸಿದೆ.

ಅವರ ಕಣ್ಣು ಹೊಳೆಯಿತು. ಹೊಸ ಕೇಸು ಸಿಕ್ಕ ಖುಷಿ. “ಬೆಳಿಗ್ಗೆ ಊದ್ತೈತೆ, ಮಧ್ಯಾಹ್ನ ಇಳೀತೈತೆ. ಅಂದ್ರೆ ರಾತ್ರಿ ಏನೋ ನಡೀತೈತೆ” ಎಂದು ನಮ್ಮ ಮನೆಗೇ ಬಂದರು. ಹಾಸಿಗೆ ಎತ್ತಿಸಿದರು. ಮಂಚದ ಸಂದಿಯಲ್ಲಿ ತಗಣಿ ಸಿಕ್ಕವು. ಕಿಟಕಿಯ ಹೊರಗೆ ಎದೆಯೆತ್ತರ ಕಾಂಗ್ರೆಸ್ ಗಿಡ, ಆಗ ಎಲ್ಲ ಕಡೆ ಹಬ್ಬುತ್ತಿದ್ದ ಆ ಬಿಳಿ ಹೂವಿನ ಕಳೆ, ಗಾಳಿ ಬೀಸಿದರೆ ಅದರ ಪುಡಿಯೆಲ್ಲ ಒಳಗೆ. “ಸಿಕ್ತು! ಕಳ್ಳರು ಇಬ್ಬರು!” ಎಂದು ಚಪ್ಪಾಳೆ ತಟ್ಟಿದರು. ನಾವು ಹಾಸಿಗೆ ಬಿಸಿಲಿಗೆ ಹಾಕಿದೆವು, ಮಂಚಕ್ಕೆ ಕುದಿಯುವ ನೀರು ಹುಯ್ದೆವು, ಕಳೆ ಕಿತ್ತೆವು. ಅವರು ಕೊಟ್ಟ ಔಷಧಿ ಕುಡಿಸಿದೆ. ತಗಣಿ ಹೋದವು. ರೆಪ್ಪೆ ಮಾತ್ರ ಹಾಗೇ ಊದುತ್ತಿತ್ತು. “ಸ್ವಲ್ಪ ದಿನ ನೋಡಾಣ” ಅಂದರು.

ಒಂದು ಭಾನುವಾರ ಡಾಕ್ಟರಮ್ಮ ನಮ್ಮ ಪಡಸಾಲೆಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಗಿರಿಜೆ ಅವರ ತೊಡೆಯ ಮೇಲೆ. ಅತ್ತೆ ಹೆಮ್ಮೆಯಿಂದ, “ಯುಗಾದಿಗೆ ಮಾಡ್ಸಿದ ಕಾಲ್ಚೈನು ಡಾಕ್ಟ್ರಮ್ಮ. ಆಗ ಜಾರಿ ಬೀಳ್ತಿತ್ತು. ಈಗ ನೋಡ್ರಿ, ತೆಗ್ಯಾಕೆ ಬರಲ್ಲ, ಅಷ್ಟು ಮೈ ಬಂದೈತೆ” ಅಂದರು.

ಡಾಕ್ಟರಮ್ಮ ಬಾಯಿಗೆ ಹಾಕಿಕೊಂಡ ಮಂಡಕ್ಕಿಯನ್ನು ಜಗಿಯುವುದು ನಿಲ್ಲಿಸಿದರು. ಚೈನನ್ನು ಮೇಲಕ್ಕೆ ಸರಿಸಿದರು. ಅದರ ಕೆಳಗೆ ಚರ್ಮದಲ್ಲಿ ಅಚ್ಚು ಒತ್ತಿದ ಹಾಗೆ ಚೈನಿನ ಗುರುತು ಮೂಡಿತ್ತು. ಕಾಲಿನ ಮುಂದಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟರು. ಹಿಟ್ಟಿನ ಉಂಡೆಗೆ ಒತ್ತಿದ ಹಾಗೆ ಅಲ್ಲೊಂದು ಗುಳಿ ಉಳಿಯಿತು. ಗುಳಿ ತುಂಬಲೇ ಇಲ್ಲ.

“ಉಚ್ಚೆ ಹೆಂಗೆ ಹೋಗ್ತೈತೆ? ಕಮ್ಮಿ ಆಗೈತಾ? ನೊರೆ ಬರ್ತೈತಾ?”

“ಬರ್ತೈತೆ. ಸೋಪಿನ ನೀರಿನ ಹಂಗೆ” ಅಂದೆ.

ಭಾನುವಾರವೇ ಆಸ್ಪತ್ರೆಯ ಬಾಗಿಲು ತೆಗೆಸಿದರು. ಗಾಜಿನ ನಳಿಕೆಯಲ್ಲಿ ಅವಳ ಉಚ್ಚೆ ಹಿಡಿದು ದೀಪದ ಮೇಲೆ ಕಾಯಿಸಿದರು. ಪುಟ್ಟ ಸೀಸೆಯಿಂದ ಒಂದೆರಡು ಹನಿ ಏನೋ ಹಾಕಿದರು. ನೋಡ ನೋಡುತ್ತಿದ್ದಂತೆ ಅದು ಬೆಳ್ಳಗೆ ಗಟ್ಟಿಯಾಯಿತು.

“ಅಯ್ಯೋ, ಗಿಣ್ಣು ಆತಲ್ಲೇ!” ಅಂದರು ಅತ್ತೆ.

ಮೂತ್ರಪಿಂಡದಿಂದ ಮೈಯ ಸತ್ವವೆಲ್ಲ ಸೋರಿ ಹೋಗುತ್ತಿದೆ, ಅದಕ್ಕೇ ನೀರು ತುಂಬಿಕೊಳ್ಳುತ್ತಿದೆ, ಮೈ ಬಂದದ್ದಲ್ಲ, ನೀರು ಬಂದದ್ದು ಎಂದು ಡಾಕ್ಟರಮ್ಮ ವಿವರಿಸಿದರು. ಮಲಗಿದಾಗ ಆ ನೀರು ರೆಪ್ಪೆಗೆ ಬರುತ್ತದೆ, ಓಡಾಡಿದರೆ ಕಾಲಿಗೆ ಇಳಿಯುತ್ತದೆ. ಆಮೇಲೆ ನಮ್ಮ ಅತ್ತೆಯ ಮುಂದೆ ನಿಂತು, “ತಪ್ಪು ನಂದು ಅಜ್ಜಿ. ನಿಮ್ಮ ಮಂಚ ನೋಡ್ದೆ, ಕಿಟಕಿ ನೋಡ್ದೆ, ಮಗು ಕಾಲು ನೋಡ್ಲಿಲ್ಲ” ಅಂದರು.

ಡಾಕ್ಟರ್ ಒಬ್ಬರು ತಪ್ಪು ಅಂತ ಹೇಳಿದ್ದನ್ನು ನಮ್ಮ ಅತ್ತೆ ಅದೇ ಮೊದಲು ಕೇಳಿದ್ದು. “ತಗಣಿ ಇದ್ದದ್ದು ಖರೇನೇ ಅಲ್ಲವ್ವ” ಅಂದರು.

“ಉಳೀತಾಳಾ?” ಎಂದು ನಾನು ಕೇಳಿದೆ.

“ಬೇಗ ಹಿಡಿದ್ರೆ ಬಹಳಷ್ಟು ಮಕ್ಕಳು ಸುಧಾರಿಸ್ತಾರೆ. ಬಿಟ್ರೆ...” ಎಂದವರು ಗಿರಿಜೆಯನ್ನು ಎತ್ತಿಕೊಂಡು, “ನಾವು ಬಿಡಲ್ವಲ್ಲ” ಅಂದರು.

ಶಿವಮೊಗ್ಗದ ಮಕ್ಕಳ ಡಾಕ್ಟರ ಹತ್ತಿರ ಅವರೇ ಕರೆದುಕೊಂಡು ಹೋದರು. ಅಲ್ಲಿ ದಾಖಲು ಮಾಡಿದರು, ಮಾತ್ರೆ ಶುರುವಾಯಿತು. ಮನೆಗೆ ಕಳಿಸುವಾಗ ಎರಡು ಷರತ್ತು. ಊಟಕ್ಕೆ ಉಪ್ಪಿಲ್ಲ. ದಿನಾ ಬೆಳಿಗ್ಗೆ ಉಚ್ಚೆ ಕಾಯಿಸಿ ನೋಡಬೇಕು.

ಎರಡನೆಯದಕ್ಕೆ ನಮ್ಮ ಮನೆಯಲ್ಲಿ ಯುದ್ಧವೇ ಆಯಿತು.

“ಇಷ್ಟಲಿಂಗ ಪೂಜೆ ಮಾಡೋ ಮನೆ ಇದು. ಒಲೆ ಮ್ಯಾಲೆ ಉಚ್ಚೆ ಕಾಯಿಸ್ತೀಯಾ?”

“ಹಾಲಿನ ಪಾತ್ರೆಯಾಗೆ ಕಾಯಿಸಲ್ಲ ಬಿಡ್ರಿ ಅತ್ತೆ.”

“ಏ, ನಿನ್ ಬಾಯಿಗಿಷ್ಟು!”

ಡಾಕ್ಟರಮ್ಮ ಬಂದು ಪಂಚಾಯ್ತಿ ಮಾಡಿದರು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಸ್ಪಿರಿಟ್ ದೀಪ, ಒಂದು ನಳಿಕೆ, ಆ ಹನಿಯ ಸೀಸೆ, ಹಿಡಿಯಲು ಒಂದು ಚಿಮಟ. ಅತ್ತೆ ಮೊದಲು ದೂರ ನಿಂತು ಮೂಗು ಮುಚ್ಚಿಕೊಂಡು ನೋಡಿದರು. ಆಮೇಲೆ ಹತ್ತಿರ ಬಂದರು. ಆಮೇಲೆ ನನಗೆ ಸರಿಯಾಗಿ ಹಿಡಿಯಲು ಬರುವುದಿಲ್ಲ ಎಂದು ಚಿಮಟವನ್ನೇ ಕಿತ್ತುಕೊಂಡರು. ಮೊದಮೊದಲು ದಿನಾ ಗಿಣ್ಣೇ. ಸ್ವಲ್ಪ ದಿನಕ್ಕೆ, “ಇವತ್ತು ಮಜ್ಜಿಗೆ” ಅಂದರು. ಇನ್ನೂ ಸ್ವಲ್ಪ ದಿನಕ್ಕೆ, “ಗಂಜಿ ತಿಳಿ.” ಡಾಕ್ಟರಮ್ಮ ಆಸ್ಪತ್ರೆಗೆ ಹೋಗುವ ಮುಂಚೆ ರಸ್ತೆಯ ಆ ಕಡೆಯಿಂದಲೇ, “ಅಜ್ಜೀ, ಇವತ್ತೇನ್ರಿ?” ಎಂದು ಕೂಗುತ್ತಿದ್ದರು. ಇವರು ಇಲ್ಲಿಂದ, “ಮಜ್ಜಿಗೆ, ತೆಳ್ಳಂದು!” ಎಂದು ಕೂಗುತ್ತಿದ್ದರು. ಅಂಗಡಿಗೆ ಬಂದ ಗಿರಾಕಿಯೊಬ್ಬರು, “ನಮಗೂ ಒಂದು ಲೋಟ ಕೊಡ್ರಿ” ಎಂದು ಕೇಳಿದ್ದುಂಟು. ನಾನು ಒಳಗೆ ಹೋಗಿ ಸೆರಗಿಗೆ ಬಾಯಿ ಒತ್ತಿಕೊಂಡು ನಕ್ಕೆ. ಆ ದಿನಗಳಲ್ಲಿ ನಕ್ಕದ್ದು ಅದೊಂದೇ ಸಲ ಇರಬೇಕು.

ಯಾಕೆಂದರೆ ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಕಾಲಿನ ಊತ ಇಳಿದರೂ ಮಾತ್ರೆಯಿಂದಲೇ ಅವಳ ಮುಖ ಚಂದ್ರನ ಹಾಗೆ ದುಂಡಗಾಯಿತು. “ಇದು ಮಾತ್ರೆ ದಪ್ಪ, ಅದು ನೀರಿನ ದಪ್ಪ” ಎಂದು ಡಾಕ್ಟರಮ್ಮ ಹೇಳಿದರು. ಓಣಿಯವರು ಮತ್ತೆ ಕೆನ್ನೆ ಹಿಂಡಲು ಬಂದರೆ ಅತ್ತೆ ಬಾಗಿಲಲ್ಲೇ ತಡೆದು, “ಅದು ಕೆನ್ನೆ ಅಲ್ಲ, ಮಾತ್ರೆ!” ಎಂದು ಬೈದು ಕಳಿಸುತ್ತಿದ್ದರು.

ಉಪ್ಪಿಲ್ಲದ ಊಟದ ಕಷ್ಟ ಬೇರೆ. ತಟ್ಟೆ ತಳ್ಳಿ ಅಳುತ್ತಿದ್ದಳು. ಡಾಕ್ಟರಮ್ಮ ಮಧ್ಯಾಹ್ನ ಬಂದು ಅವಳ ಎದುರಿಗೆ ಕೂತು, “ನಂಗೂ ಅದನ್ನೇ ಬಡಿಸ್ರಿ” ಎಂದು ಸಪ್ಪೆ ಅನ್ನ, ಸಪ್ಪೆ ಸಾರು ಸುರಿದುಕೊಂಡು ತಿನ್ನುತ್ತಿದ್ದರು. ನಿಂಬೆಹುಳಿ ಹಿಂಡುವುದು, ಕೊತ್ತಂಬರಿ ಹಾಕುವುದು, ಎಲ್ಲ ಉಪಾಯ ಮಾಡಿದರು. ಅತ್ತೆ ಒಮ್ಮೆ, “ದೃಷ್ಟಿ ತೆಗ್ಯಾಕಾದ್ರೂ ಉಪ್ಪು ಮುಟ್ಟಬಹುದಾ?” ಎಂದು ಕೇಳಿದರು. “ತೆಗೀರಿ ಅಜ್ಜಿ. ಬಾಯಿಗೆ ಹಾಕ್ಬ್ಯಾಡ್ರಿ ಅಷ್ಟೇ.”

ಮಧ್ಯದಲ್ಲಿ ಒಂದು ಸಲ ಎಲ್ಲ ತಿಳಿಯಾಗಿ, ಒಂದು ನೆಗಡಿ ಬಂದು, ಮತ್ತೆ ಗಿಣ್ಣಾಯಿತು. ಆ ದಿನ ಅತ್ತೆ ನಳಿಕೆ ಹಿಡಿದುಕೊಂಡು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಡಾಕ್ಟರಮ್ಮ ಪಕ್ಕದಲ್ಲಿ ಕೂತು, “ಹಿಂಗೆ ಆಗ್ತೈತೆ ಅಜ್ಜಿ. ಮತ್ತೆ ಶುರು ಮಾಡಾಣ” ಅಂದರು. ಮತ್ತೆ ಮಾತ್ರೆ, ಮತ್ತೆ ಸಪ್ಪೆ, ಮತ್ತೆ ದಿನಾ ಬೆಳಿಗ್ಗೆ ಹಿತ್ತಲು. ಮಾವಿನಕಾಯಿ ಕಾಲದಲ್ಲಿ ಹಿಡಿದದ್ದು ಅವರೆಕಾಯಿ ಕಾಲದವರೆಗೆ ಎಳೆಯಿತು.

ಅಷ್ಟರಲ್ಲಿ ಅವರಿಗೆ ಜಗಳೂರಿಗೆ ವರ್ಗವಾಯಿತು. ಹೊರಡುವ ದಿನ ಸಾಮಾನೆಲ್ಲ ಲಾರಿಗೆ ಏರಿಸಿ, ನೇರ ನಮ್ಮ ಹಿತ್ತಲಿಗೆ ಬಂದರು. ಕೆಲವು ದಿನದಿಂದ ನಳಿಕೆ ತಿಳಿಯಾಗೇ ಇತ್ತು. ಆದರೂ ಆ ಬೆಳಿಗ್ಗೆ ಅತ್ತೆ ನಳಿಕೆಯನ್ನು ಎರಡೆರಡು ಸಲ ತೊಳೆದರು. ಹಿಂದಿನ ವಾರ ಗಿರಿಜೆಗೆ ಮತ್ತೆ ನೆಗಡಿಯಾಗಿತ್ತು.

ಅತ್ತೆ ಕಾಯಿಸಿದರು. ಹನಿ ಹಾಕಿದರು. ಬಿಸಿಲಿಗೆ ಎತ್ತಿ ಹಿಡಿದರು. ಕೆಳಗೆ ಇಳಿಸಿ ಮತ್ತೆ ಎತ್ತಿದರು. ಆಮೇಲೆ ನನ್ನ ಕಡೆ ತಿರುಗಿ, “ನೀನು ನೀರು ಗೀರು ಬೆರೆಸಿಲ್ಲ ತಾನೇ?” ಅಂದರು.

“ಅತ್ತೆ!”

“ಏನಿದು ಹೇಳ್ರಿ ಅಜ್ಜಿ?” ಅಂದರು ಡಾಕ್ಟರಮ್ಮ.

“ಏನೂ ಇಲ್ಲ ಕಣವ್ವ. ಬರೀ ತಿಳಿ.”

ಡಾಕ್ಟರಮ್ಮ ಗಿರಿಜೆಯ ಕಾಲು ಒತ್ತಿದರು. ಗುಳಿ ಬೀಳಲಿಲ್ಲ. ಇನ್ನೊಂದು ಕಾಲು ಒತ್ತಿದರು. ಮತ್ತೆ ಮೊದಲಿನ ಕಾಲು. “ಸಾಕು ಬಿಡ್ರೀ, ನೋಯ್ತೈತೆ” ಎಂದು ಅವಳು ಕಾಲು ಕೊಸರಿಕೊಂಡಳು. ಡಾಕ್ಟರಮ್ಮ ನಮ್ಮ ಅತ್ತೆಯ ಕಡೆ ನೋಡಿ, “ಇನ್ನು ನೆಗಡಿ ಜ್ವರ ಬಂದಾಗೆಲ್ಲ ಕಾಯಿಸಿ ನೋಡ್ಬೇಕು, ಮರೀಬ್ಯಾಡ್ರಿ” ಎಂದು ಹೇಳಿ, “ಇವತ್ತಿನಿಂದ ಒಂಚೂರು ಉಪ್ಪು ಹಾಕ್ರಿ” ಅಂದರು.

ಅತ್ತೆ ಅಷ್ಟು ಬೇಗ ಅಡುಗೆಮನೆಗೆ ಹೋದದ್ದನ್ನು ನಾನು ನೋಡಿಲ್ಲ. ಬಿಸಿ ಅನ್ನ, ಬೇಳೆ ಸಾರು, ಅದಕ್ಕೆ ಬೆರಳ ತುದಿಯಲ್ಲಿ ಉಪ್ಪು. ಹಿತ್ತಲಿಗೇ ತಟ್ಟೆ ಬಂತು. ಅವರೇ ಕಲೆಸಿ ಒಂದು ತುತ್ತು ಇಟ್ಟರು. ನಾವು ಮೂವರೂ ಅವಳ ಬಾಯನ್ನೇ ನೋಡುತ್ತಾ ನಿಂತೆವು.

ಗಿರಿಜೆ ಮುಖ ಸಿಂಡರಿಸಿದಳು.

“ಅಜ್ಜೀ, ಅನ್ನಕ್ಕೆ ಏನೋ ಬಿದ್ದೈತೆ.”

“ಏನೂ ಬಿದ್ದಿಲ್ಲವ್ವ. ಉಪ್ಪು.”

“ಬ್ಯಾಡ. ತೆಗಿ ಅದನ್ನ.”

ಅತ್ತೆ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾ ಆ ಕಡೆ ತಿರುಗಿದರು. ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಡಾಕ್ಟರಮ್ಮ ಒಗೆಯುವ ಕಲ್ಲಿನ ಮೇಲೆ ಕೂತು ತಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡರು. “ಇಲ್ನೋಡು, ನಂಗೊಂದು ತುತ್ತು, ನಿಂಗೊಂದು ತುತ್ತು” ಎಂದು ತಾವು ಒಂದು ತುತ್ತು ತಿಂದು, ಗೋಲಿಯಷ್ಟು ಸಣ್ಣ ಉಂಡೆ ಮಾಡಿ ಅವಳ ಬಾಯಿಯ ಹತ್ತಿರ ಹಿಡಿದರು. ಅವಳು ಬಾಯಿ ಬಿಗಿದಳು. ಇವರು ಕೈ ಇಳಿಸಲಿಲ್ಲ.

ಲಾರಿಯವನು ಮತ್ತೆ ಹಾರ್ನ್ ಹೊಡೆದ.

“ಇರಪ್ಪಾ!” ಎಂದು ಡಾಕ್ಟರಮ್ಮ ಅಲ್ಲಿಂದಲೇ ಕೂಗಿದರು. “ನಮ್ದು ಊಟ ಆಗ್ತಾ ಐತೆ!”